ದಾವಣಗೆರೆಯ ಹನ್ನೊಂದು ಚೀಲ ಕೂದಲು: ಕಡಲಿನ ಎಣ್ಣೆಗೆ ಒಳನಾಡಿನ ನೆರವು, ಒಂದು ಪ್ರಕರಣ

ಇದರಲ್ಲಿ ಬರುವವರ ಹೆಸರು, ಓಣಿ, ಕಾಲೇಜು ಯಾವುದನ್ನೂ ಹಾಕಿಲ್ಲ. ಒಬ್ಬಿಬ್ಬರ ವಯಸ್ಸು, ಕಸುಬು ಸ್ವಲ್ಪ ಬದಲಿಸಿದ್ದೇನೆ. ನಾನು ಆ ಗುಂಪಿನ ಲೆಕ್ಕ ಬರೆಯುತ್ತಿದ್ದವನು. ಅಂಕಿಗಳು ನನ್ನ ವಹಿಯಿಂದ ಬಂದವು, ಅಭಿಪ್ರಾಯಗಳೂ ಬಹುಪಾಲು ನನ್ನವೇ. ಗುಂಪಿನ ಕೆಲವರು ಇದನ್ನು ಓದಿ "ನೀನು ನಮ್ಮನ್ನ ಪೆದ್ದರು ಮಾಡಿದಿ" ಅಂದರು. ಪೆದ್ದರಾಗಿದ್ದೆವು, ನಾನೂ ಸೇರಿ.

ಹಿನ್ನೆಲೆ

2025ರ ಮೇ 25, ಭಾನುವಾರ. ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿಯ ಆಚೆ ಅರಬ್ಬಿ ಸಮುದ್ರದಲ್ಲಿ ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಬದುಕಿದರು. 640 ಕಂಟೇನರ್‌ಗಳು, ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು. ಹಡಗಿನ ಟ್ಯಾಂಕಿನಲ್ಲಿ 84 ಟನ್ ಡೀಸೆಲ್, 367 ಟನ್ ಫರ್ನೇಸ್ ಆಯಿಲ್ (ಹಡಗಿನ ಇಂಜಿನ್ನಿಗೆ ಉರಿಸುವ ದಪ್ಪ ಎಣ್ಣೆ). ಮೇ 29ಕ್ಕೆ ಕೇರಳ ಸರ್ಕಾರ ಇದನ್ನು ರಾಜ್ಯದ ವಿಪತ್ತು ಎಂದು ಘೋಷಿಸಿತು.

ದಾವಣಗೆರೆಗೂ ಸಮುದ್ರಕ್ಕೂ ನಡುವೆ ಒಂದು ಇಡೀ ಘಟ್ಟ ಇದೆ. ಆದರೂ ಸುದ್ದಿ ಬಂದ ಮೂರನೇ ದಿನ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಕೂತ ನಮ್ಮ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಗುಂಪು ಅಂದರೆ ದೊಡ್ಡದೇನಲ್ಲ: ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು, ಡಿಗ್ರಿ ಓದುವ ಐದಾರು ಹುಡುಗರು, ಪಿಯುಸಿ ಎರಡನೇ ವರ್ಷದ ಒಬ್ಬಳು ಹುಡುಗಿ (ಮೇಷ್ಟ್ರ ಅಣ್ಣನ ಮೊಮ್ಮಗಳು), ಟೇಲರ್ ಅಂಗಡಿಯ ಒಬ್ಬರು, ನಾನು. ಕೆರೆಯಂಗಳದ ಪ್ಲಾಸ್ಟಿಕ್ ಹೆಕ್ಕುವುದು, ಬೇಸಿಗೆಯಲ್ಲಿ ನೀರಿನ ಅರವಟ್ಟಿಗೆ ಇಡುವುದು, ಹಿಂದೊಮ್ಮೆ ಕೊಡಗಿಗೆ ನೆರೆ ಬಂದಾಗ ಹೊದಿಕೆ ಕಳಿಸಿದ್ದು, ಇಷ್ಟೇ ನಮ್ಮ ಅನುಭವ.

ಹುಡುಗರಲ್ಲೊಬ್ಬ ಮೊಬೈಲಿನಲ್ಲಿ ಮಾರಿಷಸ್‌ನ ಒಂದು ವಿಡಿಯೋ ತೋರಿಸಿದ. 2020ರ ಜುಲೈನಲ್ಲಿ ವಾಕಾಶಿಯೊ ಎಂಬ ಹಡಗು ಅಲ್ಲಿನ ಹವಳದ ದಿಬ್ಬಕ್ಕೆ ಬಡಿದು, ಆಗಸ್ಟ್‌ನಲ್ಲಿ ಸುಮಾರು ಸಾವಿರ ಟನ್ ಎಣ್ಣೆ ಸೋರಿತ್ತು. ಅಲ್ಲಿನ ಜನ ಕಬ್ಬಿನ ರವದಿಯನ್ನು ಬಟ್ಟೆಯೊಳಗೆ ತುಂಬಿ, ಉದ್ದುದ್ದ ಹೊಲಿದು, ನೀರಿನ ಮೇಲೆ ತೇಲಿಬಿಟ್ಟು ಎಣ್ಣೆಗೆ ತಡೆ ಕಟ್ಟಿದರು. ತಲೆಗೂದಲು ಕತ್ತರಿಸಿ ಕೊಟ್ಟರು. ಸಾಲಾಗಿ ನಿಂತು ಅಜ್ಜಿಯರು, ಮಕ್ಕಳು ಹೊಲಿಯುತ್ತಿರುವುದನ್ನು ನೋಡಿದರೆ ಯಾರಿಗಾದರೂ ಎದ್ದು ಹೊರಡಬೇಕು ಅನ್ನಿಸುತ್ತದೆ. ನಮಗೂ ಅನ್ನಿಸಿತು.

ಕೂದಲು ಎಣ್ಣೆ ಹಿಡಿಯುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಬೆಳೆದವರು ನಾವು.

ಶುರುವಾದದ್ದು ಹೇಗೆ

ಸಲೂನ್‌ಗಳಿಗೆ ಮಂಗಳವಾರ ರಜೆ. ನಮ್ಮ ಓಣಿಯ ಒಬ್ಬ ಸಲೂನಿನವರಿಗೆ ವಿಷಯ ಹೇಳಿದ್ದೇ ತಡ, ಅವರು ಹತ್ತು ಹದಿನೈದು ಅಂಗಡಿಗಳಿಗೆ ಫೋನ್ ಹಾಕಿದರು. ವಾರವಿಡೀ ಗುಡಿಸಿದ್ದನ್ನು ಚೀಲಕ್ಕೆ ತುಂಬಿಟ್ಟು ಮಂಗಳವಾರ ತಾವೇ ತಂದು ಕೊಡುವುದು ಅಂತ ಮಾತಾಯಿತು. ಅವರು ಹೇಳಿದ ಮಾತು ನನ್ನ ವಹಿಯ ಅಂಚಿನಲ್ಲೇ ಇದೆ: "ಕಸ ಅಂತ ಗುಡಿಸಿ ಎಸೆಯೋದು ಸಮುದ್ರಕ್ಕೆ ಬೇಕಾತಲ್ರಿ! ನಮ್ಮ ಕಸುಬಿಗೂ ಒಂದು ಬೆಲೆ ಬಂತು ನೋಡ್ರಿ." ಮುಂದೆ ನಮಗೆ ಎಲ್ಲಕ್ಕಿಂತ ಭಾರವಾದದ್ದು ಈ ಮಾತು.

ಜೂನ್ 3ರಂದು ಆರು ಚೀಲ ಬಂತು. ಎಪಿಎಂಸಿ ಹತ್ತಿರ ಪರಿಚಯದವರೊಬ್ಬರ ಗೋಡೌನ್‌ನ ಮೂಲೆ ಸಿಕ್ಕಿತ್ತು. ಟೇಲರಣ್ಣ ಹಳೆ ನೈಟಿ, ಲುಂಗಿಗಳನ್ನು ಕೊಳವೆಯಂತೆ ಹೊಲಿಯುತ್ತಾ ಹೋದರು. ಮೊದಲು ಈರುಳ್ಳಿ ಚೀಲದ ಬಲೆಯಲ್ಲಿ ತುಂಬಿ ನೋಡಿದ್ದೆವು, ಸಣ್ಣ ಕೂದಲೆಲ್ಲ ಕಣ್ಣುಗಳಿಂದ ಉದುರಿ ಊಟದ ಡಬ್ಬಿಗೂ ಬಿತ್ತು. ಚೀಲಗಳಲ್ಲಿ ಕೂದಲಷ್ಟೇ ಇರಲಿಲ್ಲ. ಮುರಿದ ಬ್ಲೇಡು, ಹತ್ತಿ, ಶೇವಿಂಗ್ ನೊರೆ ಒರೆಸಿದ ಪೇಪರ್, ಗುಟ್ಕಾ ಪಾಕೀಟು. ಹುಡುಗರು ಕೈಗವಸು ಹಾಕಿ ಆರಿಸಿದರೂ ಒಬ್ಬನ ಬೆರಳು ಕೊಯ್ದು ಟಿಟಿ ಇಂಜೆಕ್ಷನ್ ಹಾಕಿಸಬೇಕಾಯಿತು. ಅದೂ ನನ್ನ ವಹಿಯಲ್ಲಿದೆ.

ಜೂನ್ 9ರಂದು ಇನ್ನೊಂದು ಹಡಗಿಗೆ, ವಾನ್ ಹೈ 503ಕ್ಕೆ, ಕೇರಳದ ಆಚೆಯೇ ಬೆಂಕಿ ಬಿತ್ತು. 22 ಜನರಲ್ಲಿ 18 ಮಂದಿಯನ್ನು ಉಳಿಸಿ ಮಂಗಳೂರಿಗೆ ಕರೆತಂದರು. ನಾಲ್ವರು ಕಾಣೆ. ಮಂಗಳೂರಿನ ಹೆಸರು ಟಿವಿಯಲ್ಲಿ ಬಂದದ್ದೇ ನಮ್ಮ ಊರಿನ ಜನಕ್ಕೆ ಇದು ನಮ್ಮ ಮನೆ ಬಾಗಿಲಿಗೇ ಬಂತು ಅನ್ನಿಸಿತು. ಮರುದಿನ ಮಂಗಳವಾರ ಇನ್ನೂ ಐದು ಚೀಲ ಕೂದಲು ಬಂತು. ಯಾರೂ ಕೇಳದೆ ಹಳೆ ಬಟ್ಟೆಯ ಮೂಟೆಗಳು ಬಂದವು. ಒಂದು ರೈಸ್ ಮಿಲ್‌ನವರು "ಹೊಟ್ಟು ಬೇಕೇನ್ರಿ, ಲೋಡ್ ಕಳಿಸ್ತೀವಿ" ಅಂದರು. ನಗದು 23,400 ರೂಪಾಯಿ ಸೇರಿತ್ತು. ಲಾರಿಯವರು ಅರ್ಧ ಬಾಡಿಗೆಗೆ ಒಪ್ಪಿದ್ದರು.

ಲಾರಿ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಕೇಳಿರಲಿಲ್ಲ. "ಕರಾವಳಿಗೆ" ಅನ್ನುತ್ತಿದ್ದೆವು. ಕರಾವಳಿ ಒಂದು ಬಸ್ ಸ್ಟಾಪ್ ಇದ್ದಂಗೆ.

ಟಬ್ಬಿನ ಪರೀಕ್ಷೆ

ಪ್ರಶ್ನೆ ಎತ್ತಿದ್ದು ಪಿಯುಸಿ ಹುಡುಗಿ. "ಅಜ್ಜಾ, ಕೂದಲು ಎಣ್ಣೆ ಹೀರತ್ತೆ ಸರಿ. ನೀರನ್ನೂ ಹೀರತ್ತಲ್ಲ? ತಲೆಸ್ನಾನ ಆದ್ಮೇಲೆ ನನ್ನ ಜಡೆ ಎಷ್ಟು ಭಾರ ಆಗತ್ತೆ ಗೊತ್ತಾ?"

ಮೇಷ್ಟ್ರು ಏನೂ ಉತ್ತರ ಕೊಡಲಿಲ್ಲ. ಜೂನ್ 12ರ ಸಂಜೆ ಹಿತ್ತಲಲ್ಲಿ ಬಟ್ಟೆ ನೆನೆಸುವ ನೀಲಿ ಟಬ್ ಇಟ್ಟು ಇಪ್ಪತ್ತು ಲೀಟರ್ ನೀರು ಹಾಕಿಸಿದರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಆದ್ದರಿಂದ 700 ಗ್ರಾಂ ಕಲ್ಲುಪ್ಪು ತೂಗಿ ಕರಗಿಸಿದೆವು. ಪರಿಚಯದ ಗ್ಯಾರೇಜಿನಿಂದ ಅರ್ಧ ಲೀಟರ್ ಸುಟ್ಟ ಇಂಜಿನ್ ಆಯಿಲ್ ತಂದು ಮೆಲ್ಲಗೆ ಸುರಿದೆವು. ಅದು ಟಬ್ಬಿನ ಅಂಚಿನವರೆಗೆ ಹರಡಿಕೊಂಡಿತು. ಒಂದು ಮೊಳ ಉದ್ದದ ಕೂದಲಿನ ಕೊಳವೆ ಬಿಟ್ಟೆವು. ತೂಕ 600 ಗ್ರಾಂ.

ಹತ್ತು ನಿಮಿಷ ಅದ್ಭುತವಾಗಿತ್ತು. ಕಪ್ಪು ಅಂಚು ಕೊಳವೆಯ ಕಡೆಗೆ ಸರಿಯುತ್ತಾ ಬಂತು, ಅದರ ಸುತ್ತ ನೀರು ತಿಳಿಯಾಯಿತು. ಹುಡುಗರು ಚಪ್ಪಾಳೆ ಹೊಡೆದರು, ವಿಡಿಯೋ ಮಾಡಿದರು, ಅವತ್ತು ರಾತ್ರಿಯೇ ಸ್ಟೇಟಸ್‌ಗೆ ಹಾಕಿದರು.

ಬೆಳಿಗ್ಗೆ ಹೋಗಿ ನೋಡಿದರೆ ಕೊಳವೆ ಕಾಣಲಿಲ್ಲ. ತಳದಲ್ಲಿ ಕೂತಿತ್ತು. ನೀರಿನ ಮೇಲೆ ಮತ್ತೆ ಕಾಮನಬಿಲ್ಲಿನ ತೆಳು ಪದರ. ಮೇಷ್ಟ್ರು ಕೋಲಿನಿಂದ ಎತ್ತಿದಾಗ ಅದರಿಂದ ಸುರಿದದ್ದು ಹೆಚ್ಚಾಗಿ ನೀರೇ, ಜೊತೆಗೆ ಎಣ್ಣೆಯೂ ತೊಟ್ಟಿಕ್ಕಿತು. ಒಂದು ರಾತ್ರಿ, ಅಲೆಯಿಲ್ಲದ ಟಬ್ಬು. ಜೂನ್ ತಿಂಗಳ ಅರಬ್ಬಿ ಸಮುದ್ರವನ್ನು ನೆನೆಸಿಕೊಳ್ಳಿ.

ಆಮೇಲೆ ಓದಿ ತಿಳಿದದ್ದು: 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ವೇದಿಕೆಯ ದುರಂತವಾದಾಗಲೂ ಅಮೆರಿಕದ ತುಂಬ ಸಲೂನ್‌ಗಳಿಂದ ಕೂದಲು ಸೇರಿತ್ತು. ಅಲ್ಲಿನ ಅಧಿಕಾರಿಗಳು ಅದನ್ನು ಬಳಸುವುದಿಲ್ಲ ಎಂದು ಹೇಳಿದರು. ಕಾರಣ ಇದೇ: ಪರೀಕ್ಷೆಯಲ್ಲಿ ಕೂದಲಿನ ಬೂಮ್, ಅಂದರೆ ಎಣ್ಣೆಗೆ ಕಟ್ಟುವ ತೇಲುವ ತಡೆ, ನೀರು ಕುಡಿದು ಸ್ವಲ್ಪ ಹೊತ್ತಿಗೇ ಮುಳುಗಿತ್ತು. ಎಣ್ಣೆಯನ್ನು ಮಾತ್ರ ಹೀರಿ ನೀರನ್ನು ಬಿಡುವ ಸಿಂಥೆಟಿಕ್ ಬೂಮ್‌ಗಳು ಅವರ ಬಳಿ ಇದ್ದವು. ನಮ್ಮ ಟಬ್ಬಿನ ಎಣ್ಣೆ ಇನ್ನೂ ತೆಳ್ಳನೆಯದು. ಹಡಗಿನ ಫರ್ನೇಸ್ ಆಯಿಲ್ ತಣ್ಣಗಿದ್ದಾಗ ಜೋನಿಬೆಲ್ಲದ ಹಾಗೆ, ಪಂಪ್ ಮಾಡಬೇಕಾದರೆ ಹಡಗಿನಲ್ಲೇ ಅದನ್ನು ಕಾಯಿಸುತ್ತಾರೆ. ಅಲೆಗೆ ಸಿಕ್ಕರೆ ನೀರನ್ನು ಒಳಗೆ ಸೇರಿಸಿಕೊಂಡು ಕಂದು ಬಣ್ಣದ ಗಟ್ಟಿ ಲೋಳೆಯಾಗಿ ಮೂರು ನಾಲ್ಕು ಪಟ್ಟು ಉಬ್ಬುತ್ತದೆ.

ಆದರೆ ನಮ್ಮನ್ನು ತಿರುಗಿಸಿದ್ದು ಮುಳುಗಿದ ಕೊಳವೆಯಲ್ಲ. ಅದನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ.

ಒದ್ದೆ ಕೊಳವೆ, ಒರೆಸಿದ ಚಿಂದಿ, ಕೈಗವಸು, ಕೆಳಗೆ ಹಾಸಿದ್ದ ಪೇಪರ್ ಎಲ್ಲ ಸೇರಿ ತೂಗಿದರೆ ನಾಲ್ಕು ಕಿಲೋ ಚಿಲ್ಲರೆ. ಅರ್ಧ ಲೀಟರ್ ಎಣ್ಣೆ ತೆಗೆಯಲು ಹೋಗಿ ನಾಲ್ಕು ಕಿಲೋ ಕೊಳಕು. ಜೊತೆಗೆ ಇಪ್ಪತ್ತು ಲೀಟರ್ ಎಣ್ಣೆನೀರು. ಕಸದ ಆಟೋದವನು ಮೂಸಿ ನೋಡಿ "ಇದನ್ನ ನಾನು ಒಯ್ಯಲ್ಲ ಸಾರ್" ಅಂದ. ಗ್ಯಾರೇಜಿನವನ ಬಳಿ ವೇಸ್ಟ್ ಆಯಿಲ್ ಡ್ರಮ್ ಇತ್ತು. ಅವನೂ ಕೈ ಅಡ್ಡ ಹಿಡಿದ: "ಕೂದ್ಲು, ನೀರು ಬಿದ್ರೆ ಡ್ರಮ್ಮೇ ಹಾಳು. ಎಣ್ಣೆ ಒಯ್ಯೋನು ಮುಟ್ಟಲ್ಲ." ಚರಂಡಿಗೆ ಸುರಿಯಬಹುದಿತ್ತು. ಒಬ್ಬ ಹುಡುಗ ಹಾಗೆ ಅಂದನೂ ಕೂಡ. ಅವನ ಮುಖ ನೋಡಿದ ಹುಡುಗಿ, "ಚರಂಡಿ ಆಮೇಲೆ ತುಂಗಭದ್ರೆ, ಆಮೇಲೆ ಕೃಷ್ಣೆ, ಆಮೇಲೆ ಬಂಗಾಳ ಕೊಲ್ಲಿ. ನಾವು ಆ ಸಮುದ್ರ ಬಿಟ್ಟು ಈ ಸಮುದ್ರಕ್ಕೆ ಹಾಕ್ತಿದೀವಿ" ಅಂದಳು. ಗಟ್ಟಿಯಾದದ್ದು ಮುಚ್ಚಳದ ಬಕೆಟ್ಟಿಗೆ, ನೀರು ಎರಡು ಕ್ಯಾನಿಗೆ ಹೋಯಿತು. ಮೂರೂ ಮೇಷ್ಟ್ರ ಮನೆ ಮೆಟ್ಟಿಲ ಕೆಳಗೆ ಸೇರಿದವು.

ಹನ್ನೊಂದು ಚೀಲ ಕೂದಲನ್ನು ಘಟ್ಟ ಇಳಿಸಿದ್ದರೆ ಇದೇ ಬಕೆಟ್ಟನ್ನು ಸಾವಿರ ಪಟ್ಟು ಮಾಡಿ ಯಾರದೋ ಊರಿನ ಮೆಟ್ಟಿಲ ಕೆಳಗೆ ಇಟ್ಟು ಬಂದ ಹಾಗಾಗುತ್ತಿತ್ತು.

ಕೇಳಬೇಕಾದವರನ್ನು ಕೇಳಿದ್ದು

ಜೂನ್ 14ರಂದು, ಅಂದರೆ ಕೆಲಸ ಶುರುವಾಗಿ ಎರಡು ವಾರ ಕಳೆದ ಮೇಲೆ, ಕರಾವಳಿಗೆ ಮೊದಲ ಫೋನ್ ಹೋಯಿತು. ಹೊತ್ತು ಮೀರಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಟೇಲರಣ್ಣನ ನೆಂಟರ ಮೂಲಕ ಉತ್ತರ ಕನ್ನಡದ ಕಡಲತೀರದಲ್ಲಿ ಮಹಿಳಾ ಸಂಘ ನಡೆಸುವ ಒಬ್ಬರು ಸಿಕ್ಕರು. ನಾವು ಅವರನ್ನು ಅಕ್ಕ ಅಂತಲೇ ಕರೆದೆವು. ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂತೆವು.

"ಇಲ್ಲಿ ಎಣ್ಣೆ ಇಲ್ಲ ಮಾರಾಯ್ರೆ, ಇಲ್ಲಿ ಮಳೆ ಉಂಟು" ಅಂತ ಶುರು ಮಾಡಿದರು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಸಮುದ್ರದ ಸೆಳೆತ ತೆಂಕಿಗೆ, ಅಂದರೆ ದಕ್ಷಿಣಕ್ಕೆ. ಕೊಚ್ಚಿಯ ಹತ್ತಿರ ಮುಳುಗಿದ ಹಡಗಿನ ಎಣ್ಣೆ ಉತ್ತರಕ್ಕೆ, ಕಾರವಾರದ ಕಡೆಗೆ ಬರುವುದು ಕಷ್ಟ. ತಿರುವನಂತಪುರದ ಮರಳಿಗೆ ರಾಶಿಯಾಗಿ ಬಂದು ಬಿದ್ದದ್ದೂ ಪ್ಲಾಸ್ಟಿಕ್ ಕಾಳು, ಸಬ್ಬಕ್ಕಿಯಷ್ಟು ಸಣ್ಣವು, ಕಂಟೇನರ್ ಒಡೆದು ಚೆಲ್ಲಿದ್ದು. ಕೂದಲಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದಕ್ಕೆ ಬೇಕಾದದ್ದು ಜರಡಿ. ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತಿರುವ ಸೆಳೆತದ ದಿಕ್ಕು ಕೆಮಿಸ್ಟ್ರಿ ಮೇಷ್ಟ್ರಿಗೆ ಗೊತ್ತಿರಲಿಲ್ಲ, ನನಗಂತೂ ಇಲ್ಲ.

ಅಕ್ಕನಿಗೆ ಎಣ್ಣೆಯ ಅನುಭವ ಇತ್ತು. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಎದುರಿನ ಆಯ್ಸ್ಟರ್ ರಾಕ್‌ಗೆ ಬಡಿದು ಒಡೆದಾಗ ಅವರಿಗೆ ಇಪ್ಪತ್ತರ ಸುಮಾರು. ಓಣಿಯ ಹುಡುಗಿಯರ ಜೊತೆ ಚಪ್ಪಲಿಯೂ ಇಲ್ಲದೆ ಇಳಿದು ತೆಂಗಿನ ಗೆರಟೆಯಲ್ಲಿ ಬಳಿದರಂತೆ. "ಮೊದಲ ದಿನ ಹಬ್ಬದ ಹಾಗೆ ಇತ್ತು. ಎರಡನೇ ದಿನ ತಲೆ ಸಿಡಿತ, ವಾಂತಿ. ಕಾಲಿಗೆ ಮೆತ್ತಿದ್ದನ್ನ ಸೀಮೆಎಣ್ಣೆ ಹಾಕಿ ತಿಕ್ಕಿದೆವು, ಚರ್ಮ ಎಲ್ಲ ಸುಲಿದು ಬಂತು." ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಬಾರದು. ಕೊಬ್ಬರಿ ಎಣ್ಣೆಯೋ ಅಡುಗೆ ಎಣ್ಣೆಯೋ ಹಚ್ಚಿ ಸಡಿಲ ಮಾಡಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಅದು ಅವರಿಗೆ ಆಮೇಲೆ ಗೊತ್ತಾಯಿತಂತೆ.

ಹುಡುಗನೊಬ್ಬ ಬಿಡಲಿಲ್ಲ. ಕೊರಿಯಾದ ಉದಾಹರಣೆ ತೆಗೆದ. 2007ರ ಡಿಸೆಂಬರ್‌ನಲ್ಲಿ ಹೆಬೈ ಸ್ಪಿರಿಟ್ ಹಡಗಿನಿಂದ ಹತ್ತು ಸಾವಿರ ಟನ್ನಿಗೂ ಮಿಕ್ಕಿ ಕಚ್ಚಾ ತೈಲ ಸೋರಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ಹಳೆ ಬಟ್ಟೆಯಲ್ಲಿ ಕಲ್ಲು ಕಲ್ಲು ಒರೆಸಿದ್ದರು. ಅಲ್ಲಿ ಬಟ್ಟೆ ಬೇಕಾಗಿತ್ತಲ್ಲ? ಪ್ರಶ್ನೆ ಸರಿಯೇ. ಅದು ಕಲ್ಲು ತುಂಬಿದ ದಡ, ಎಣ್ಣೆ ಬಂದು ಬಿದ್ದಾಗಿತ್ತು, ಅಲ್ಲಿನವರು ಬಟ್ಟೆ ಬೇಕೆಂದು ಕೇಳಿದ್ದರು. ಹಾಗಿದ್ದೂ ಒರೆಸಿದ ಜನರಲ್ಲಿ ತಲೆನೋವು, ಗಂಟಲುರಿ, ಚರ್ಮದ ತೊಂದರೆ ಕಾಣಿಸಿಕೊಂಡದ್ದು ಮುಂದೆ ಅಧ್ಯಯನಗಳಲ್ಲಿ ದಾಖಲಾಗಿದೆ. 1997ರಲ್ಲಿ ಜಪಾನಿನ ಬಳಿ ನಖೋದ್ಕಾ ಎಂಬ ಹಡಗಿನ ಎಣ್ಣೆ ಸೋರಿಕೆಯಲ್ಲಿ ಚಳಿಗೆ, ದಣಿವಿಗೆ ಕೆಲವು ಸ್ವಯಂಸೇವಕರ ಪ್ರಾಣವೇ ಹೋಯಿತು. ನಮ್ಮಲ್ಲೂ 2017ರ ಜನವರಿಯಲ್ಲಿ ಚೆನ್ನೈನ ಎಣ್ಣೂರಿನ ಬಳಿ ಎರಡು ಹಡಗು ಡಿಕ್ಕಿಯಾದಾಗ ಹುಡುಗರು ಬಕೆಟ್ಟಿನಲ್ಲಿ ಎಣ್ಣೆ ಮೊಗೆಯುತ್ತಿದ್ದ ಫೋಟೋ ಎಲ್ಲ ಪೇಪರಿನಲ್ಲಿ ಬಂದಿತ್ತು. ಆ ಫೋಟೋಗಳನ್ನು ನಾವು ಹೆಮ್ಮೆಯಿಂದ ನೋಡಿದ್ದೆವು. ಈಗ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬರಿ ಕೈ.

ಕಡೆಗೆ ಅಕ್ಕ ಕೇಳಿದ್ದು ಇಷ್ಟು. ಸಾಮಾನು ಕಳಿಸಬೇಡಿ. ಕರೆದರೆ ಬರುವವರ ಹೆಸರು ಬರೆದಿಡಿ: ವಯಸ್ಸು, ದಮ್ಮು ಗಿಮ್ಮು ಇದೆಯೇ, ಎಷ್ಟು ದಿನ ನಿಲ್ಲಬಲ್ಲರು, ಉಳಿಯಲು ಸ್ವಂತ ವ್ಯವಸ್ಥೆ ಇದೆಯೇ. ನಿಮ್ಮ ಊರಿನಿಂದ ಗೋಕರ್ಣ, ಮುರ್ಡೇಶ್ವರಕ್ಕೆ ಟ್ರಿಪ್ ಬರುವವರಿಗೆ ಏನು ಮುಟ್ಟಬಾರದು ಎಂದು ಹೇಳಿ. ಮತ್ತೆ, ಆಗುವುದಾದರೆ, ಎಂಟು ಹತ್ತು ಜನ ಒಂದು ಭಾನುವಾರ ಬಂದು ದಡದ ಕಸ ತೆಗೆಯಿರಿ.

"ಎಣ್ಣೆ ಇಲ್ಲ ಅಂತೀರಿ, ಕಸ ಯಾಕಕ್ಕಾ?" ಅಂತ ಕೇಳಿದೆ ನಾನು.

"ಇವತ್ತು ದಡದಲ್ಲಿರೋ ಬಾಟ್ಲಿ ಬರೀ ಕಸ. ನಾಳೆ ಎಣ್ಣೆ ಬಂದು ಮೆತ್ತಿದರೆ ಅದೇ ಬಾಟ್ಲಿ ವಿಷದ ಕಸ. ಅದನ್ನ ಪಂಚಾಯ್ತಿ ಗಾಡಿ ಒಯ್ಯೋದಿಲ್ಲ."

ಮೇಷ್ಟ್ರು ಮೆಟ್ಟಿಲ ಕೆಳಗಿನ ಬಕೆಟ್ಟಿನ ಕಡೆ ನೋಡಿದರು. ಈ ವಿಷಯದಲ್ಲಿ ನಾನು ಕೇಳಿದ ಅತಿ ಉಪಯುಕ್ತ ಮಾತು ಇದೇ. ಸೋರಿಕೆಯ ಸುದ್ದಿಗೂ ಎಣ್ಣೆ ದಡ ಮುಟ್ಟುವುದಕ್ಕೂ ನಡುವೆ ಸಿಗುವ ಒಂದೆರಡು ದಿನ ಸಾಮಾನ್ಯ ಜನರ ಸಮಯ, ಆಗ ಮಾಡುವ ಕೆಲಸಕ್ಕೆ ತರಬೇತಿ ಬೇಕಿಲ್ಲ, ವಿಷದ ಭಯವೂ ಇಲ್ಲ. ಎಣ್ಣೆ ಬಂದ ಮೇಲೆ ಕೆಲಸ ಬೇರೆಯವರದು. ಸಮುದ್ರದ ಮೇಲಿನದು ಕೋಸ್ಟ್ ಗಾರ್ಡ್‌ನದು, ಬಂದರಿನ ಮಿತಿಯೊಳಗಿನದು ಬಂದರಿನವರದು, ದಡಕ್ಕೆ ಬಿದ್ದದ್ದು ರಾಜ್ಯ ಸರ್ಕಾರ ಮತ್ತು ಜಿಲ್ಲಾಡಳಿತದ್ದು. ಅವರು ಕರೆದರೆ, ಗಂಬೂಟು, ಮುಖಗವಸು ಕೊಟ್ಟರೆ, ಆಗ ಇಳಿಯಬೇಕು.

ಸಲೂನ್‌ಗಳಿಗೆ ಮರಳಿ ಹೋದದ್ದು

ಗುಂಪಿನಲ್ಲಿ ಜಗಳವಾದದ್ದು ಇಲ್ಲಿ. ಅರ್ಧ ಜನ "ಕೂದಲು ಕಳಿಸಿದೆವು ಅಂತ ಹೇಳಿಬಿಡೋಣ, ಯಾರು ನೋಡೋಕೆ ಬರ್ತಾರೆ" ಅಂದರು. ಕೆಟ್ಟ ಮನಸ್ಸಿನಿಂದಲ್ಲ, ಸಲೂನಿನವರ ಮುಖ ನೋಡುವ ಧೈರ್ಯ ಸಾಲದೆ. ಮೇಷ್ಟ್ರೂ ಆ ಕಡೆಗೇ ವಾಲಿದ್ದರು. ನಾನು ಲೆಕ್ಕದವನು, ಹನ್ನೊಂದು ಚೀಲ ಜಮಾ ಬರೆದಿದ್ದೆ, ಖರ್ಚಿನ ಕಡೆ ಏನು ಬರೆಯಲಿ ಎಂದು ಕೇಳಿದೆ. ಅದು ತತ್ವದ ಮಾತಾಗಿರಲಿಲ್ಲ, ನಿಜಕ್ಕೂ ವಹಿ ಮುಗಿಸಬೇಕಿತ್ತು.

ಜೂನ್ 17, ಮಂಗಳವಾರ, ನಾನು ಮತ್ತು ಟೇಲರಣ್ಣ ಹದಿನಾಲ್ಕು ಜನ ಸಲೂನಿನವರನ್ನು ಅವರವರ ಮನೆಗೇ ಹೋಗಿ ಕಂಡೆವು. ಟಬ್ಬಿನ ವಿಡಿಯೋವನ್ನು ತೋರಿಸಿದೆವು, ಚಪ್ಪಾಳೆಯದ್ದೂ, ಬೆಳಗಿನದ್ದೂ. ಹೆಚ್ಚಿನವರು ನಕ್ಕು ಚಹಾ ಕೊಟ್ಟರು. ಮೊದಲು ಫೋನ್ ಹಾಕಿದ್ದವರು ಮಾತ್ರ ನಗಲಿಲ್ಲ. "ಹದಿನೈದು ಮಂದಿಗೆ ನಾನು ಹೇಳಿದ್ದೆ. ಈಗ ನಾನು ಹೇಳ್ಬೇಕು, ಸಮುದ್ರಕ್ಕೆ ಬ್ಯಾಡಂತೆ ಅಂತ" ಎಂದು ಸುಮ್ಮನಾದರು. ಆ ಮನೆಯಿಂದ ಹೊರಬಂದು ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಕೂದಲಿನ ಕಥೆ: ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಗೊಬ್ಬರದ ಗುಂಡಿಗೆಂದು ಆರಿಸಿದ ನಾಲ್ಕು ಚೀಲ ಒಯ್ದರು, ಕೂದಲಿನಲ್ಲಿ ಸಾರಜನಕ ಚೆನ್ನಾಗಿದೆ, ನಿಧಾನ ಕೊಳೆಯುತ್ತದೆ. ಉಳಿದ ಏಳರಲ್ಲಿ ಬ್ಲೇಡಿನ ಚೂರಿದ್ದವು, ಯಾರೂ ಮುಟ್ಟಲಿಲ್ಲ, ಮಳೆಗೆ ಗೋಡೌನ್ ಸೋರಿ ನಾತ ಹೊಡೆದು ಕಡೆಗೆ ಪಾಲಿಕೆಯ ಗಾಡಿಗೇ ಹೋದವು. ಬಟ್ಟೆ ಆರಿಸಿ ಹಂಚಿದೆವು. ನಗದು ವಾಪಸ್ ಕೊಡುತ್ತೇವೆ ಎಂದು ಎಲ್ಲರಿಗೂ ಹೇಳಿದಾಗ ಮೂವರು ತೆಗೆದುಕೊಂಡರು.

ಭಾನುವಾರದ ಪ್ರಯಾಣ

ಜೂನ್ 29ಕ್ಕೆ ಎಂಟು ಜನ ರಾತ್ರಿ ಹೊರಟು ಘಟ್ಟ ಇಳಿದೆವು. ಮಳೆ ಅಂದರೆ ಮಳೆ. ಅಕ್ಕನ ಸಂಘದ ಹನ್ನೆರಡು ಹೆಂಗಸರು ಆಗಲೇ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ದಡದಲ್ಲಿದ್ದರು. ಉಬ್ಬರದ ಗೆರೆಯ ಮೇಲ್ಗಡೆ ಕೆಲಸ. ಬಾಟಲಿ, ಥರ್ಮಾಕೋಲ್, ಹರಿದ ಬಲೆ, ಒಂಟಿ ಚಪ್ಪಲಿಗಳು. ಸತ್ತ ಕಡಲಕಳೆ, ಕಟ್ಟಿಗೆ ತುಂಡು ಎಲ್ಲವನ್ನೂ ತೆಗೆಯಲು ಹೋದ ನಮ್ಮವರನ್ನು ಅಕ್ಕ ತಡೆದರು. ಎಣ್ಣೆ ಬರುವುದು ಖಾತ್ರಿಯಿದ್ದರೆ ಅದನ್ನೂ ಮೇಲೆ ಸರಿಸಬೇಕು, ಇಲ್ಲದಿದ್ದರೆ ಏಡಿ, ಹಕ್ಕಿಗೆ ಅದೇ ಊಟ.

ಹತ್ತು ಗಂಟೆಯ ಹೊತ್ತಿಗೆ ಹುಡುಗಿ ಕೂಗಿದಳು. ಮರಳಿನ ಮೇಲೆ ನಿಂಬೆಹಣ್ಣಿನ ಗಾತ್ರದ ಕಪ್ಪು ಉಂಡೆ. ಮೇಲೆ ಮರಳು ಅಂಟಿ ಗಟ್ಟಿ ಸಿಪ್ಪೆಯ ಹಾಗೆ, ಕಡ್ಡಿ ಚುಚ್ಚಿದರೆ ಒಳಗೆ ಮೆತ್ತಗೆ, ಬಿಸಿಲಿಗಿಟ್ಟ ಡಾಂಬರಿನ ವಾಸನೆ. ಟಾರ್ ಬಾಲ್, ಕಡಲಿಗೆ ಸೋರಿದ ಎಣ್ಣೆ ಗಟ್ಟಿಯಾಗಿ ಆದ ಉಂಡೆ. ಗೋವಾ, ಕಾರವಾರದ ದಡಕ್ಕೆ ಮಳೆಗಾಲದ ಹೊತ್ತಿಗೆ ಇವು ಬರುತ್ತಲೇ ಇರುತ್ತವೆ, ದೊಡ್ಡ ಅಪಘಾತವೇ ಆಗಬೇಕೆಂದಿಲ್ಲ. ಹುಡುಗಿ ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಳು. ಜಾಗ, ಹೊತ್ತು, ಹತ್ತು ಹೆಜ್ಜೆಯಲ್ಲಿ ಎಷ್ಟಿವೆ ಎಂದು ಎಣಿಸಿ ಬರೆದುಕೊಂಡಳು. ಒಟ್ಟು ಹದಿನೇಳು ಸಿಕ್ಕವು. ಕೈಗವಸು ಹಾಕಿ ಬೇರೆ ಡಬ್ಬಿಗೆ ಹಾಕಿದೆವು, ಆ ಪಟ್ಟಿಯನ್ನು ಅಕ್ಕ ಪಂಚಾಯ್ತಿಗೆ ಕೊಟ್ಟರು. ಇಂಥ ದಿನಾಂಕದ ಫೋಟೋ, ಎಣಿಕೆ, ದುಡಿದ ಗಂಟೆಗಳ ಲೆಕ್ಕ ನಾಳೆ ದೊಡ್ಡ ಸೋರಿಕೆಯಾದರೆ ಪರಿಹಾರ ಕೇಳುವಾಗ ಕೆಲಸಕ್ಕೆ ಬರುತ್ತದೆ. ಮೊದಲು ದಡ ಹೇಗಿತ್ತು ಎಂದು ತೋರಿಸಲು ಯಾರ ಬಳಿಯೂ ಏನೂ ಇರುವುದಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಒಬ್ಬ ಹುಡುಗ ಮುಖ ಊದಿಸಿಕೊಂಡಿದ್ದ. "ಎಣ್ಣೆ ಎಲ್ಲಿ? ಇಷ್ಟು ದೂರ ಬಂದು ಬಾಟ್ಲಿ ಹೆಕ್ಕಿದ್ವಿ. ಬಾತಿ ಕೆರೆ ಹತ್ರನೂ ಬಾಟ್ಲಿ ಅದಾವಲ್ಲ." ಯಾರೂ ಬೈಯಲಿಲ್ಲ. ಅವನಂತೆ ನಮಗೂ ಒಳಗೊಳಗೆ ಇತ್ತು. ಎಣ್ಣೆ ಮೆತ್ತಿದ ಹಕ್ಕಿಯೊಂದನ್ನು ಎತ್ತಿ ತೊಳೆದು ಹಾರಿಬಿಡುವ ಚಿತ್ರ ಎಲ್ಲರ ತಲೆಯಲ್ಲೂ ಇತ್ತು. ಹಾಗೆ ತೊಳೆಯಲೂ ಬಾರದಂತೆ. ಹೆದರಿದ, ಚಳಿ ಹಿಡಿದ ಹಕ್ಕಿಯನ್ನು ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಬೆಚ್ಚಗಿಟ್ಟು, ತಿನ್ನಿಸದೆ, ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಿಳಿಸುವುದಷ್ಟೇ ನಮ್ಮ ಪಾಲಿನದು.

ವ್ಯಾನು, ಊಟ ಸೇರಿ ಖರ್ಚು 14,850. ಅದೇ ಹಣವನ್ನು ಅಕ್ಕನ ಸಂಘಕ್ಕೆ ಕಳಿಸಿದ್ದರೆ ಅವರು ನಮಗಿಂತ ಹೆಚ್ಚು ದಡ ಗುಡಿಸುತ್ತಿದ್ದರು, ಇದರಲ್ಲಿ ನನಗೆ ಅನುಮಾನವಿಲ್ಲ. ಹೋಗಿರದಿದ್ದರೆ ಆ ಹುಡುಗಿಗೆ ಟಾರ್ ಬಾಲ್ ಗುರುತಿಸಲು ಬರುತ್ತಿರಲಿಲ್ಲ, ಇದೂ ನಿಜ. ಎರಡನ್ನೂ ತೂಗಿ ಯಾವುದು ಹೆಚ್ಚು ಎಂದು ಹೇಳಲು ನನಗಿನ್ನೂ ಆಗಿಲ್ಲ. ಉಳಿದ ದುಡ್ಡನ್ನು ಸಂಘಕ್ಕೇ ಕೊಟ್ಟೆವು.

ಊರಿನಲ್ಲಿ ಆದದ್ದು

ಕಡಿಮೆ ಖರ್ಚಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಾವು ಕೆಲಸ ಎಂದೇ ಎಣಿಸದ್ದು. ಜೂನ್ ಪೂರ್ತಿ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ "ಮೀನು ತಿಂದರೆ ವಿಷ" ಎಂಬ ಮೆಸೇಜು ಸುತ್ತುತ್ತಿತ್ತು. ಮೀನು ಮಾರ್ಕೆಟ್ಟಿನ ಒಬ್ಬಾಕೆ ಹುಡುಗಿಯ ಮುಂದೆ ಹಣೆ ಚಚ್ಚಿಕೊಂಡಳು: "ಇದು ಕೆರೆ ಮೀನವ್ವಾ, ಕಾಟ್ಲಾ! ಇದಕ್ಕೂ ಸಮುದ್ರಕ್ಕೂ ಏನು ಸಂಬಂಧ?" ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ಹೇಗೂ ನಿಷೇಧ. ಹುಡುಗಿ ಒಂದು ಪುಟ ಬರೆದಳು: ಹಡಗು ಎಲ್ಲಿ ಮುಳುಗಿತು, ಸೆಳೆತ ಯಾವ ಕಡೆ, ಮಾರ್ಕೆಟ್ಟಿನ ಮೀನು ಎಲ್ಲಿಂದ ಬರುತ್ತದೆ. ಕೆಳಗೆ, ಟ್ರಿಪ್ ಹೋದವರು ದಡದಲ್ಲಿ ಎಣ್ಣೆ, ಪೀಪಾಯಿ, ಕಂಟೇನರ್ ಕಂಡರೆ ಹತ್ತಿರ ಹೋಗಬೇಡಿ, 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ, ಸಮುದ್ರದ ಮೇಲೆ ಕಂಡರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಹೇಳಿ ಎಂದು. ಟೂರಿಸ್ಟ್ ಬಸ್ ಏಜೆಂಟರ ಅಂಗಡಿಗಳಲ್ಲಿ ಅದನ್ನು ಅಂಟಿಸಿದೆವು. ಝೆರಾಕ್ಸ್ ಖರ್ಚು 160 ರೂಪಾಯಿ. ಎಷ್ಟು ಜನ ಓದಿದರೋ, ಮೀನಿನಾಕೆ ಮಾತ್ರ ಅದನ್ನು ಲ್ಯಾಮಿನೇಟ್ ಮಾಡಿಸಿ ತಕ್ಕಡಿ ಪಕ್ಕ ನೇತುಹಾಕಿದ್ದಾಳೆ.

ಬಕೆಟ್ಟು ಮತ್ತು ಕ್ಯಾನುಗಳು ಇನ್ನೂ ಮೇಷ್ಟ್ರ ಮೆಟ್ಟಿಲ ಕೆಳಗಿವೆ. ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇರುವವರು ನಾಲ್ಕು ಕಿಲೋಗೆ ಗಾಡಿ ಕಳಿಸುವುದಿಲ್ಲ. ಮೇಷ್ಟ್ರ ಮನೆಯವರು ವಾರಕ್ಕೊಮ್ಮೆ ವಿಚಾರಿಸುತ್ತಾರೆ.

ಕರೆದರೆ ಬರುವವರ ಪಟ್ಟಿಯಲ್ಲಿ ಮೊದಲು ಅರವತ್ತೆರಡು ಹೆಸರಿದ್ದವು. ಅಕ್ಕ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳಿದ ಮೇಲೆ ಇಪ್ಪತ್ತಮೂರು ಉಳಿದವು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಎಲ್ಲರಿಗೂ ಸುಮ್ಮನೆ ಫೋನ್ ಮಾಡಿ ನಂಬರ್ ಸರಿಯಿದೆಯೇ ಎಂದು ನೋಡುತ್ತಿದ್ದೆ. ಆ ಸಲೂನಿನವರ ಹೆಸರು ಪಟ್ಟಿಯಲ್ಲಿರಲಿಲ್ಲ. ಅವರೇ ಮಾಡಿದರು, ಯಾರಿಂದಲೋ ಕೇಳಿ.

"ಕೂದ್ಲು ಬ್ಯಾಡಲ್ರಿ?"

"ಬ್ಯಾಡಣ್ಣ."

"ಹಂಗಾದ್ರೆ ನನ್ನ ಹೆಸ್ರು ಬರಕೊಳ್ರಿ. ಮಂಗಳವಾರ ಆದ್ರೆ ಭಾಳ ಚಲೋ. ಬ್ಯಾರೆ ದಿನ ಆದ್ರೂ ಅಂಗಡಿ ಹುಡುಗ ನೋಡ್ಕೊಂತಾನ."